ಪಡಸಾಲೆಯ ಗಾಡಿ ಮತ್ತು ಬದನೆಕಾಯಿ ಹಾರ

ಹಳೇ ಮೋಟರ್ ಸೈಕಲ್ ಇರುವ ಮನೆಯಲ್ಲಿ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಗಾಡಿ ಚಾಲೂ ಆಗುವುದೊಂದು ಬಿಟ್ಟು.

೧. ಮನೆಯ ಹಿರಿಯ

ನಾನು ಬೆಟಗೇರಿಗೆ ಸೊಸೆಯಾಗಿ ಬಂದಾಗ ಪಡಸಾಲೆಯಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ನಮ್ಮ ಅತ್ತೆ. ಇನ್ನೊಂದು ತೀರಿಹೋದ ಮಾವನವರ ಮೋಟರ್ ಸೈಕಲ್ಲು. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದೆ. ಒದೆಯುವ ಕೆಲಸ ನನ್ನದು ಅವತ್ತಿಗೇ ಮುಗಿಯಿತು. ನಮ್ಮನೆಯವರದು ಇವತ್ತಿಗೂ ಮುಗಿದಿಲ್ಲ.

ನಮ್ಮ ಮನೆಯಲ್ಲಿ ಬೆಳಕು ಬರುವುದು ಪಡಸಾಲೆಯ ಕಿಟಕಿಯೊಂದರಿಂದಲೇ. ನಾನು ಸೀರೆಯ ಜಂಪರ್ ಹೊಲಿಯುವವಳು, ಬೆಳಕು ಬೇಕಾದದ್ದು ನನಗೆ. ಆದರೆ ಕಿಟಕಿಯ ಪಕ್ಕ ನಿಂತದ್ದು ಗಾಡಿ. ನನ್ನ ಹೊಲಿಗೆ ಮಷಿನ್ನು ಅಡುಗೆಮನೆಯಲ್ಲಿ, ಒಲೆಯ ಮಗ್ಗುಲಿಗೆ. ಒಗ್ಗರಣೆ ಸಿಡಿದರೆ ಗಿರಾಕಿಯ ರೇಷ್ಮೆ ಜಂಪರಿಗೆ ಸಾಸಿವೆಯ ಬುಟ್ಟಾ.

"ಗಾಡಿ ಹಿತ್ತಲದಾಗ ಇಡ್ರಿ" ಎಂದರೆ ಇವರು, "ಹಿತ್ತಲದಾಗ ಅದಕ್ಕ ಥಂಡಿ ಹತ್ತತೈತಿ" ಅನ್ನುತ್ತಾರೆ. ಬಾಣಂತನದಲ್ಲಿ ನನಗೆ ಥಂಡಿ ಹತ್ತಿದಾಗ ಈ ಕಾಳಜಿ ಎಲ್ಲಿ ಹೋಗಿತ್ತೋ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಇಂಥವರೇ ಹನ್ನೆರಡು ಮಂದಿ ಸೇರಿ ಹಳೇ ಗಾಡಿಗಳ ಕ್ಲಬ್ ಮಾಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಗಾಡಿ ಹೊಡೆದುಕೊಂಡು ಎಲ್ಲಿಗಾದರೂ ಹೋಗಿ ಉಂಡು ಬರುತ್ತಾರೆ. ಹಿಂದೊಂದು ಟೆಂಪೋ ಇರುತ್ತದೆ. ಅದು ಊಟದ ಪಾತ್ರೆ ಒಯ್ಯಲು, ಮತ್ತು ದಾರಿಯಲ್ಲಿ ನಿಂತ ಗಾಡಿಯನ್ನು ಏರಿಸಿಕೊಂಡು ಬರಲು. ಟೆಂಪೋ ಏರಿದ ಗಾಡಿಗೆ ಬದನೆಕಾಯಿ ಹಾರ ಹಾಕುವುದು ಇವರ ಪದ್ಧತಿ. ಮುಂದಿನ ರವಿವಾರ ಆ ಗಾಡಿಯವನ ಮನೆಯಲ್ಲಿ ಇಡೀ ಕ್ಲಬ್ಬಿಗೆ ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ.

ಕೆಡುವುದು ಗಂಡನ ಗಾಡಿ, ರೊಟ್ಟಿ ಬಡಿಯುವುದು ಹೆಂಡತಿ. ಈ ನಿಯಮ ಮಾಡುವಾಗ ಅಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ ಎಂದು ನಾನು ಬೇರೆ ಹೇಳಬೇಕೇ?

೨. ವಯಸ್ಸಿನ ಮರ್ಯಾದೆ

ಹೊರಡುವುದಕ್ಕೂ ಒಂದು ಪದ್ಧತಿ. ಗಾಡಿಗಳನ್ನು ವಯಸ್ಸಿನ ಪ್ರಕಾರ ಒಂದೊಂದಾಗಿ ಚಾಲೂ ಮಾಡಬೇಕು, ಎಲ್ಲಕ್ಕಿಂತ ಹಿರಿಯದು ಮೊದಲು. ಹಿರಿಯದು ಅಧ್ಯಕ್ಷರ ಗಾಡಿ. ಅಧ್ಯಕ್ಷರದು ಬೀಜದ ಅಂಗಡಿ, ಮೊಳಕೆ ಬರುವ ತನಕ ಕಾಯುವುದು ಅವರಿಗೆ ರೂಢಿ.

ಮೊದಲನೆಯ ವರ್ಷ ನಮ್ಮ ಓಣಿಯಿಂದಲೇ ಹೊರಟರು. ಹದಿನೈದು ನಿಮಿಷ ಒದ್ದ ಮೇಲೆ ಅಧ್ಯಕ್ಷರ ಗಾಡಿ ಚಾಲೂ ಆಯಿತು. ಆಮೇಲೆ ಎರಡನೆಯದು, ಮೂರನೆಯದು. ಹನ್ನೆರಡನೆಯದು ಚಾಲೂ ಆಗುವ ಹೊತ್ತಿಗೆ ಮೊದಲನೆಯದು ಬಂದ್ ಬಿತ್ತು.

ಅಧ್ಯಕ್ಷರು ಕೈ ಎತ್ತಿದರು. "ಎಲ್ಲಾರೂ ಬಂದ್ ಮಾಡ್ರಿ! ಮೊದಲಿಂದ!"

ಹೀಗೆ ಮೂರು ಸಲ. ಓಣಿಯ ತುಂಬ ಹೊಗೆ. ಸೊಳ್ಳೆಗೆ ಔಷಧ ಹೊಡೆಯಲು ಬಂದಿದ್ದಾರೆಂದು ಹುಡುಗರು ಹೊಗೆಯೊಳಗೆ ಕುಣಿದಾಡಿದರು. ಎದುರುಮನೆಯ ಅಜ್ಜಿ ನೀರಿನ ಕೊಡಗಳಿಗೆ ತಾಟು ಮುಚ್ಚಿ, ಮೂಗಿಗೆ ಸೆರಗು ಹಿಡಿದು ಹೊರಗೆ ಬಂದಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಅಧ್ಯಕ್ಷರ ಹತ್ತಿರ ಹೋಗಿ ಹೇಳಿದಳು:

"ಯಪ್ಪಾ, ಹೆಂಗೂ ಬಂದೀರಿ. ನಮ್ಮನಿ ಹಿಂದ ಗಟಾರ ಐತಿ. ಅಲ್ಲೂ ಒಂದೀಟು ಹೊಡದು ಹೋಗ್ರಿ."

ಅಧ್ಯಕ್ಷರು ವಯಸ್ಸಿಗೆ ಮರ್ಯಾದೆ ಕೊಡುವವರು. ಹೋಗಿ ಹೊಡೆದು ಬಂದರು.

೩. ಗಾಡಿಯ ತವರುಮನೆ

ಅವತ್ತು ಹೋಗಬೇಕಾದದ್ದು ಲಕ್ಷ್ಮೇಶ್ವರಕ್ಕೆ. ನಾವು ಹೆಣ್ಣುಮಕ್ಕಳು ಪಾತ್ರೆಗಳ ಜೊತೆ ಟೆಂಪೋದಲ್ಲಿದ್ದೆವು. ಅಡರಕಟ್ಟಿಯ ಹತ್ತಿರ ನಮ್ಮ ಗಾಡಿ ಒಂದು ಬೇವಿನ ಗಿಡದ ಕೆಳಗೆ ಬಂದ್ ಬಿದ್ದು ನಿಂತಿತು. ಇವರು ಒದ್ದೇ ಒದ್ದರು.

ಹೊಲದಿಂದ ಒಬ್ಬ ರೈತ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಪೆಟ್ರೋಲ್ ಟಾಕಿಯ ಮೇಲಿನ ತಗ್ಗನ್ನು ಬೆರಳಿನಿಂದ ಸವರಿದ.

"ಈ ತಗ್ಗು ನಾನ ಮಾಡಿದ್ದು ರೀ, ಸಣ್ಣಾವಿದ್ದಾಗ ಕಲ್ಲು ಒಗದು. ಇದು ನಮ್ಮಪ್ಪನ ಗಾಡಿ."

ಇವರಿಗೆ ಆದ ಖುಷಿ ನೋಡಬೇಕಿತ್ತು. ಕಳೆದುಹೋದ ಬೀಗರು ಸಿಕ್ಕಂತೆ ಅವನ ಕೈ ಹಿಡಿದುಕೊಂಡರು. "ಹೌದ್ರಿ, ನಮ್ಮಪ್ಪ ಇದನ್ನ ಅಡರಕಟ್ಟ್ಯಾಗ ತಗೊಂಡಿದ್ದ! ಇಂಥಾ ಬಂಗಾರದಂಥಾ ಗಾಡಿ ಯಾಕ ಮಾರಿದ್ರಿ?"

"ಇದ ಗಿಡದ ಕೆಳಗ ಬಂದ್ ಬೀಳ್ತಿತ್ತು ರೀ."

ನನ್ನನ್ನು ತವರಿಗೆ ಕಳಿಸಲು ಎರಡು ವರ್ಷ ನೆಪ ಹೇಳಿದವರು ತಮ್ಮ ಗಾಡಿಯನ್ನು ತವರಿಗೆ ಕರೆದುಕೊಂಡು ಬಂದಿದ್ದರು. ರೈತನೇ ಕೈಕೊಟ್ಟು ಅದನ್ನು ಟೆಂಪೋಕ್ಕೆ ಏರಿಸಿದ. ಏರಿಸಿದ ರೀತಿ ನೋಡಿದರೆ ಅವನಿಗೂ ಅಭ್ಯಾಸವಿತ್ತು.

ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಮಗಳು, ಹಾರ ಹಾಕಿಕೊಂಡು ಟೆಂಪೋದಿಂದ ಇಳಿಯುತ್ತಿದ್ದ ಗಾಡಿಯನ್ನು ನೋಡಿ ಕೇಳಿದಳು: "ಅಪ್ಪಾ, ಗಾಡಿ ಎಲ್ಲಿ ಬಂದ್ ಬಿತ್ತು?"

ಮರುವರ್ಷ ಶಿರಹಟ್ಟಿಯಿಂದ ಬಂದಾಗಲೂ ಅದನ್ನೇ ಕೇಳಿದಳು. ಅದರ ಮರುವರ್ಷವೂ.

೪. ಜೋಡಿ ಫೋಟೋ

ಮೂರನೆಯ ಸಲ ನಾನು ಎಣ್ಣೆಗಾಯಿ ಮಾಡಿದ ರವಿವಾರ ಕ್ಲಬ್ಬಿನವರು ಫೋಟೋ ತೆಗೆಯುವವನನ್ನೂ ಕರೆಸಿದ್ದರು. ಅವನು ಕ್ಯಾಮೆರಾ ಹಿಡಿದು, "ಎಲ್ಲಾರೂ ಜೋಡಿ ಜೋಡಿ ನಿಂದರ್ರಿ" ಅಂದ. ಹನ್ನೊಂದು ಗಂಡಸರು ಸರಸರ ಹೋಗಿ ತಮ್ಮ ತಮ್ಮ ಗಾಡಿಗಳ ಪಕ್ಕ ನಿಂತರು. ನಾವು ಎಣ್ಣೆಗಾಯಿಯ ಬೋಗುಣಿಯ ಪಕ್ಕ ಉಳಿದೆವು.

ಲಕ್ಷ್ಮೇಶ್ವರದ ಮೆಕ್ಯಾನಿಕ್ ಚಾಚಾ ಒಬ್ಬರೇ ಹೆಂಡತಿಯ ಪಕ್ಕ ಬಂದು ನಿಂತರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಗೊತ್ತಾಯಿತು, ಅವರ ಗಾಡಿ ಬಿಚ್ಚಿ ಹಾಕಿ ಎರಡು ವರ್ಷವಾಗಿತ್ತಂತೆ.

ಆ ಸಿಟ್ಟಿನಲ್ಲೇ ಊಟಕ್ಕೆ ಬಡಿಸುತ್ತ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: "ಮುಂದಿನ ವರ್ಷ ಈ ಗಾಡಿ ತನ್ನ ಗಾಲಿ ಮ್ಯಾಲೆ ಮನಿಗೆ ಬಂತಂದ್ರ ಪಡಸಾಲಿ ಅದಕ್ಕ. ನಾ ಇನ್ನ ಮಾತು ಎತ್ತಂಗಿಲ್ಲ. ಟೆಂಪೋದಾಗ ಬಂತಂದ್ರ ಅದು ಹಿತ್ತಲಕ್ಕ, ನನ್ನ ಮಷಿನ್ನು ಪಡಸಾಲಿಗೆ. ಒಪ್ಪತೀರೇನು?"

ಇವರ ಬಾಯ್ತುಂಬ ರೊಟ್ಟಿ. ತಲೆ ಅಲ್ಲಾಡಿಸಿದರು.

ಅಧ್ಯಕ್ಷರು, "ಸಾಕ್ಷಿ ಯಾರು?" ಅಂದರು.

ಅತ್ತೆ ತಾಟಿನಿಂದ ತಲೆ ಎತ್ತದೆ, "ನಾ ಅದೇನಿ. ಈಗ ಉಣ್ರಿ" ಅಂದರು.

೫. ಕೊರ್ಲಹಳ್ಳಿಯ ಉಸುಕು

ಆ ವರ್ಷ ಇವರು ಗಾಡಿಯನ್ನು ಕೂಸಿನಂತೆ ನೋಡಿಕೊಂಡರು. ನನ್ನ ಮಷಿನ್ನಿನ ಎಣ್ಣೆ ಡಬ್ಬಿ ಎರಡು ಸಲ ಖಾಲಿಯಾಯಿತು. ಕೇಳಿದರೆ ಮಗಳ ಮುಖ ನೋಡುತ್ತಿದ್ದರು, ಆರು ವರ್ಷದ ಹುಡುಗಿ ಎಣ್ಣೆ ಕುಡಿದಿರಬಹುದೆಂಬಂತೆ.

ಹೊರಟಿದ್ದು ಮುಂಡರಗಿ ದಾಟಿ ಕೊರ್ಲಹಳ್ಳಿಗೆ, ತುಂಗಭದ್ರೆಯ ದಂಡೆಗೆ. ಹೆಣ್ಣುಮಕ್ಕಳಲ್ಲಿ ಹೋದವಳು ನಾನೊಬ್ಬಳೇ. ಫಲಿತಾಂಶ ಕಣ್ಣಾರೆ ನೋಡಬೇಕಿತ್ತು. ಹೋಗುವಾಗ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ನನಗೆ ಊಟ ಸೇರಲಿಲ್ಲ.

ಉಂಡು ಎಲ್ಲರೂ ಹೊರಟರು. ನಮ್ಮದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ನಾವು ಮುಂಡರಗ್ಯಾಗ ಚಾ ಕುಡಕೋತ ಇರತೇವಿ" ಎಂದು ಅಧ್ಯಕ್ಷರು ಬದನೆಕಾಯಿ ಹಾರವನ್ನು ಟೆಂಪೋ ಡ್ರೈವರನ ಕೈಗೆ ಕೊಟ್ಟು ಮುಂದೆ ಹೋದರು. ಉಳಿದವರು ನಾವಿಬ್ಬರು, ಡ್ರೈವರ್, ಮತ್ತು ಗಾಡಿಯಿಲ್ಲದೆ ಟೆಂಪೋದಲ್ಲೇ ಬಂದಿದ್ದ ಚಾಚಾ.

ಇವರು ಒದೆಯುತ್ತಿದ್ದರು. ನಾನು ಗಿಡದ ನೆರಳಲ್ಲಿ ಕೂತು, ಮಷಿನ್ನು ಕಿಟಕಿಯ ಕಡೆಗೆ ಮುಖ ಮಾಡಿ ಇಡಬೇಕೋ, ಬಾಗಿಲ ಕಡೆಗೋ ಎಂದು ಲೆಕ್ಕ ಹಾಕುತ್ತಿದ್ದೆ.

ಚಾಚಾ ಎಂಜಿನ್ನಿಗೆ ಕಿವಿಗೊಟ್ಟು, ಒಂದು ಭಾಗ ಬಿಚ್ಚಿ, ಹಿತ್ತಾಳೆಯ ಸಣ್ಣ ತುಣುಕೊಂದನ್ನು ಹೊರಗೆ ತೆಗೆದರು. "ಇದು ಜೆಟ್ಟು. ಪೆಟ್ರೋಲ್ ಬರೋ ತೂತಿನ್ಯಾಗ ಕಸ ಕುಂತೈತಿ. ಸಣ್ಣ ತಂತಿ ಯಾರ ಹತ್ರ ಐತಿ?"

ಹತ್ತನೆಯ ಪರೀಕ್ಷೆಯಲ್ಲಿ 'ಪೆಟ್ರೋಲ್ ಎಂಜಿನ್ನಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆಯನ್ನು ನಾನು ಬಿಟ್ಟು ಬಂದಿದ್ದೆ. ಅದು ಇಷ್ಟು ವರ್ಷದ ಮೇಲೆ ನದಿ ದಂಡೆಗೆ ಹುಡುಕಿಕೊಂಡು ಬಂದಿತ್ತು. ಉತ್ತರ ನನ್ನ ಕೊರಳಲ್ಲೇ ಇತ್ತು. ಹುಕ್ಕು ಹಚ್ಚುವ ಸಣ್ಣ ಸೂಜಿಯನ್ನು ನಾನು ಯಾವಾಗಲೂ ತಾಳಿಯ ದಾರಕ್ಕೆ ಚುಚ್ಚಿಕೊಂಡಿರುತ್ತೇನೆ. ಸುಮ್ಮನೆ ಕೂತೆ. ಸೂಜಿ ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಿದ್ದು ತಂತಿ.

ಗಾಡಿಯನ್ನು ಟೆಂಪೋಕ್ಕೆ ಏರಿಸಿದರು. ಹಾರ ಹಾಕಿದರು. ಇವರ ಮುಖ ನೋಡಿ ಅಯ್ಯೋ ಅನಿಸಿತು, ಆದರೆ ಪಡಸಾಲೆ ನೆನಪಾಗಿ ಸರಿಹೋಯಿತು. ಡ್ರೈವರ್ ಟೆಂಪೋ ಚಾಲೂ ಮಾಡಿದ. ಗಾಲಿ ಉಸುಕಿನಲ್ಲಿ ತಿರುಗಿತು, ಇನ್ನಷ್ಟು ತಿರುಗಿತು, ಅಚ್ಚಿನ ತನಕ ಹೂತು ಹೋಯಿತು. ಅವನು ಜೋರು ಮಾಡಿದ. ಸುಟ್ಟ ವಾಸನೆ ಬಂತು.

"ಕ್ಲಚ್ ಪ್ಲೇಟ್ ಹೋತ್ರಿ. ಮುಂಡರಗಿಯಿಂದ ಮಂದಿ ಬರಬೇಕು. ಸಂಜಿ ಆಗತೈತಿ."

ಬಸ್ಸು ಹೋಗಿ ಅರ್ಧ ತಾಸಾಗಿತ್ತು, ಇನ್ನೊಂದು ಐದಕ್ಕೆ. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಜಂಪರ್ ಹೊಲಿಯಲು ಕೊಟ್ಟಿದ್ದ ಮದುಮಗಳ ತಾಯಿ.

"ತಂಗಿ, ಸಂಜಿ ಆರಕ್ಕ ಹುಡುಗಿಗೆ ಸೀರಿ ಉಡಸಬೇಕು. ಜಂಪರ್ ಎಲ್ಲಿ ಐತಿ?"

ಜಂಪರ್ ಮನೆಯಲ್ಲಿತ್ತು, ಹುಕ್ಕು ಹಚ್ಚುವುದಷ್ಟೇ ಬಾಕಿ. "ಐದೂವರಿಗೆ ತಂದು ಕೊಡತೇನಿ, ಅಕ್ಕಾರ" ಎಂದು ಫೋನು ಇಟ್ಟೆ. ಟೆಂಪೋದಲ್ಲಿದ್ದ ಗಾಡಿಯನ್ನು ನೋಡಿದೆ. ಗಿರಾಕಿಗಳೇ ಹೋದರೆ ಪಡಸಾಲೆಯಲ್ಲಿ ಕೂತು ಏನು ಹೊಲಿಯಲಿ?

"ಗಾಡಿ ಇಳಸ್ರಿ" ಅಂದೆ. ಕೊರಳಿನಿಂದ ಸೂಜಿ ತೆಗೆದೆ.

ಚಾಚಾ ಸೂಜಿ ನೋಡಿ, ನನ್ನನ್ನು ನೋಡಿ ಕೇಳಿದರು: "ಇಷ್ಟೊತ್ತು ಇದು ಎಲ್ಲಿತ್ತು ಬೇಟಿ?"

"ಇಲ್ಲೇ ಇತ್ತು, ಚಾಚಾ. ನೀವು ಕೇಳಲಿಲ್ಲ."

ಇವರು ಡ್ರೈವರನನ್ನು ಕರೆದುಕೊಂಡು ಗಾಡಿ ಇಳಿಸಿದರು. ಚಾಚಾನ ಕಣ್ಣಿಗೆ ಆ ತೂತು ಕಾಣುತ್ತಿರಲಿಲ್ಲ. ಕತ್ತಲ ಅಡುಗೆಮನೆಯಲ್ಲಿ ಸೂಜಿಗೆ ದಾರ ಪೋಣಿಸಿದ ನನ್ನ ಕಣ್ಣಿಗೆ ಅದು ಬಾವಿಯಷ್ಟು ಕಂಡಿತು. "ಹಗೂರ್ಕ, ಹಗೂರ್ಕ" ಎಂದು ಚಾಚಾ ಹೇಳುವುದರೊಳಗೆ ಕಸ ಹೊರಗೆ. ಜೆಟ್ಟು ಕೂಡಿಸಿದರು. ಇವರು ಒದ್ದರು. ಒಂದೇ ಒದೆಗೆ ಚಾಲೂ!

ಹತ್ತಿ ಕೂತೆ. ಗಡಿಬಿಡಿಯಲ್ಲಿ ಗಾಡಿಯ ಕೊರಳಿನ ಹಾರ ತೆಗೆಯುವುದೇ ಮರೆತಿತ್ತು. ಮುಂಡರಗಿಯ ಚಹಾದ ಅಂಗಡಿಯ ಮುಂದೆ ಕ್ಲಬ್ಬಿಗೆ ಕ್ಲಬ್ಬೇ ಕಪ್ಪು ಹಿಡಿದು ಎದ್ದು ನಿಂತಿತು. ಅಧ್ಯಕ್ಷರು ರಸ್ತೆಗೇ ಬಂದು ಕೂಗಿದರು:

"ಏ ನಿಂದರ್ರಿ! ಹಾರ ಹಾಕಿದ ಗಾಡಿ ಓಡಂಗಿಲ್ಲ! ನಿಯಮದಾಗ ಇಲ್ಲ!"

ನಾನು ಹಿಂದಿನಿಂದ ಕೈ ಚಾಚಿ ಹಾರ ಕಿತ್ತು ಅವರ ಕಡೆ ಒಗೆದೆ. "ಟೆಂಪೋಕ್ಕ ಹಾಕ್ರಿ! ಅದು ಬಂದ್ ಬಿದ್ದೈತಿ!"

ಖರೆ ಹಾಕಿದರಂತೆ. ಡ್ರೈವರ್ ಅಳುಮೋರೆ ಮಾಡಿ, "ನಂದಿನ್ನೂ ಲಗ್ನ ಆಗಿಲ್ರಿ, ಎಣ್ಣಿಗಾಯಿ ಯಾರು ಮಾಡಬೇಕ್ರಿ?" ಅಂದನಂತೆ. ಲಗ್ನವಾಗುವ ತನಕ ಅವನಿಗೆ ವಾಯಿದೆ ಕೊಟ್ಟಿದ್ದಾರೆ. ಕನ್ಯೆಯನ್ನೂ ಕ್ಲಬ್ಬಿನವರೇ ಹುಡುಕುತ್ತಿದ್ದಾರೆ.

೬. ಅತ್ತೆಯ ತೀರ್ಪು

ಜಂಪರ್ ಹೊತ್ತಿಗೆ ಸರಿಯಾಗಿ ಮುಟ್ಟಿತು. ಪಡಸಾಲೆ ಹೋಯಿತು. ನನ್ನ ಸೂಜಿಯಿಂದಲೇ ಹೋಯಿತು.

ಅತ್ತೆ ಎಲ್ಲ ಕೇಳಿ ಹೇಳಿದರು: "ಮಾತಂದ್ರ ಮಾತು. ಗಾಡಿ ಗಾಲಿ ಮ್ಯಾಲೆ ಬಂದೈತಿ, ಕಿಟಕಿ ಮುಂದ ಇರಲಿ." ಇವರು ಮೀಸೆ ತಿರುವಿದರು. "ಆದ್ರ ಸೂಜಿ ಇಲ್ಲಾಂದ್ರ ಬರತಿದ್ದಿಲ್ಲಲಾ. ಮಷಿನ್ನೂ ಇಲ್ಲೇ ಬರಲಿ, ಗಾಡಿ ಮಗ್ಗಲಕ್ಕ. ನಾ ಒಂದೀಟು ಸರದು ಕುಂಡ್ರತೇನಿ."

ಮಷಿನ್ನು ಬಂತು. ಬೆಳಕು ಬಂತು. ಹಿಂದೆಯೇ ಗಿರಾಕಿಗಳೂ ಬಂದರು. ಹೊಲಿದ ಜಂಪರ್ ತೂಗು ಹಾಕಲು ಜಾಗ ಬೇಕಲ್ಲ, ಗಾಡಿಯ ಹ್ಯಾಂಡಲ್ಲಿಗೆ ಹಾಕಿದೆ. ಸೀಟಿನ ಮೇಲೆ ಕತ್ತರಿಸಿದ ಬಟ್ಟೆ, ಟಾಕಿಯ ಮೇಲೆ ದಾರದ ಡಬ್ಬಿ. ಗಿರಾಕಿಗಳು ಗಾಡಿಯ ಕನ್ನಡಿಯಲ್ಲೇ ಕೊರಳಿನ ಶೇಪು ನೋಡಿಕೊಂಡು ಹೋಗುತ್ತಾರೆ. ಒಬ್ಬಾಕೆ ಬೆನ್ನು ನೋಡಬೇಕೆಂದಾಗ ಇನ್ನೊಂದು ಕಡೆಗೂ ಕನ್ನಡಿ ಹಾಕಿಸಿದೆ. ಇವರು, "ಅಬ್ಬಾ, ನನ್ನ ಗಾಡಿ ಮ್ಯಾಲೆ ನಿನಗೂ ಪ್ರೀತಿ ಬಂತು" ಎಂದು ಹಿಗ್ಗಿದರು.

ಈ ವರ್ಷದ ಓಡಾಟ ಬಿದ್ದದ್ದು ಲಗ್ನದ ಸುಗ್ಗಿಯಲ್ಲಿ. ಮುಂಜಾನೆ ಇವರು ಹೆಲ್ಮೆಟ್ ಹಾಕಿಕೊಂಡು ಪಡಸಾಲೆಗೆ ಬಂದು ನಿಂತರು. ಗಾಡಿ ಕಾಣಲಿಲ್ಲ. ಅದರ ಮೇಲೆ ಹದಿನಾರು ಜಂಪರ್ ಇದ್ದವು.

"ಇವನ್ನೆಲ್ಲಾ ಒಂದೀಟು ತಗೀ. ಮಂದಿ ಹೊರಗ ನಿಂತಾರ."

"ಯಾವುದು ಯಾರದಂತ ಸಾಲಾಗಿ ಹಚ್ಚೇನ್ರಿ. ಅದಲು ಬದಲಾತಂದ್ರ ಮೂರು ಲಗ್ನ ಕೆಡತಾವ."

ಇವರು ತಾಯಿಯ ಮುಖ ನೋಡಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಮದುಮಕ್ಕಳ ಅರಿವಿ ಮುಟ್ಟಬ್ಯಾಡೋ. ಕೈಯಾಗ ಗ್ರೀಸ್ ಐತಿ" ಅಂದರು.

ಹೊರಗೆ ಹಾರ್ನ್ ಹೊಡೆದವು. ಇವರು ಹೆಲ್ಮೆಟ್ ಹಾಕಿಕೊಂಡೇ ಹೋಗಿ ಟೆಂಪೋದಲ್ಲಿ ಪಾತ್ರೆಗಳ ನಡುವೆ ಚಾಚಾನ ಪಕ್ಕ ಕೂತರು.

ಸಂಜೆ ಮನೆಯ ಮುಂದೆ ಟೆಂಪೋ ನಿಂತಿತು. ಈ ಸಲ ಹತ್ತೂ ಗಾಡಿಗಳು ತಾವಾಗಿಯೇ ಓಡಿ ಬಂದಿದ್ದವಂತೆ. ಟೆಂಪೋ ಏರಿದ ಇಬ್ಬರಲ್ಲಿ ಚಾಚಾನಿಗೆ ವಯಸ್ಸಿನ ಮಾಫಿ ಸಿಕ್ಕಿತಂತೆ. ಹಾರ ಸುಮ್ಮನೆ ಬಾಡಬಾರದಲ್ಲ, ಅಧ್ಯಕ್ಷರು ಪದ್ಧತಿ ಬಿಡುವವರಲ್ಲ. ನಮ್ಮನೆಯವರು ಕೊರಳಲ್ಲಿ ಬದನೆಕಾಯಿ ಹಾರ ಹಾಕಿಕೊಂಡು, ಡ್ರೈವರನ ಕೈ ಹಿಡಿದು ಹಿಂದಿನಿಂದ ಇಳಿದರು.

ಬಾಗಿಲಲ್ಲಿ ಮಗಳು ನಿಂತಿದ್ದಳು. ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಅಪ್ಪಾ, ಈ ಸಲ ನೀ ಎಲ್ಲಿ ಬಂದ್ ಬಿದ್ದಿ?"