ಮೆಟಲ್‌ನವರು ಮೆತ್ತಗಾದಾಗ

ಕಪ್ಪು ಟೀ ಶರ್ಟ್ ಹಾಕಿಕೊಂಡು ಕಿವಿ ಗಡಚಿಕ್ಕುವ ಮೆಟಲ್ ಸಂಗೀತ ಬಾರಿಸುವವರನ್ನು ಕಂಡರೆ ಜನ ಒಂದು ಮಾರು ದೂರ ನಿಲ್ಲುತ್ತಾರೆ. ಆ ಬಾರಿಸುವವರೇ ಒಂದು ದಿನ ಮೆತ್ತಗೆ ಹಾಡತೊಡಗಿದರೆ ಹತ್ತಿರ ಬಂದು, ಮನೇಲಿ ಎಲ್ಲ ಚೆನ್ನಾಗಿದ್ದಾರಾ ಅಂತ ವಿಚಾರಿಸುತ್ತಾರೆ. ನಮ್ಮನ್ನು ಈಗಲೂ ಯಾರಾದರೊಬ್ಬರು ವಿಚಾರಿಸುತ್ತಲೇ ಇದ್ದಾರೆ.

ನಮ್ಮದು ನಾಲ್ಕು ಜನರ ಮೆಟಲ್ ಬ್ಯಾಂಡ್. ಹಾಡುವವನು, ಡ್ರಮ್ಮರ್, ಲೀಡ್ ಗಿಟಾರಿಸ್ಟ್, ಬೇಸ್ ಗಿಟಾರಿಗೆ ನಾನು. ವಾರವೆಲ್ಲ ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತೇನೆ, ಭಾನುವಾರ ಬೇಸ್ ಬಾರಿಸುತ್ತೇನೆ. ಹೋದ ವರ್ಷ ಡ್ರಮ್ಮರನ ಕುತ್ತಿಗೆ ಹಿಡಿದುಕೊಂಡಿತು. ಕೆಲವು ತಿಂಗಳು ತಲೆ ಕುಣಿಸಬೇಡಿ ಅಂದರು ಡಾಕ್ಟರು. ತಲೆ ಕುಣಿಸದೆ ಮೆಟಲ್ ಬಾರಿಸುವುದು ಹೇಗೆ? ಸರಿ, ಜೊತೆಗೊಂದು ಮೆತ್ತಗಿನ ಬ್ಯಾಂಡ್ ಇರಲಿ ಅಂತ ಮೂವರು ಸೇರಿ ಆಲ್ಟರ್ನೇಟಿವ್ ರಾಕ್ ಶುರು ಮಾಡಿದೆವು. ಹಾಡುವವನೇ ಗಿಟಾರೂ ಹಿಡಿದ. ಲೀಡ್ ಗಿಟಾರಿಸ್ಟ್ ಮಾತ್ರ ನಾನು ಬರಲ್ಲ ಅಂದ.

ರಿಪೇರಿ

ನಮ್ಮ ಪ್ರಾಕ್ಟೀಸ್ ಪೀಣ್ಯದಲ್ಲಿ, ಡ್ರಮ್ಮರನ ಮಾವನ ಹಳೇ ಶೆಡ್ಡಿನಲ್ಲಿ. ಪಕ್ಕದಲ್ಲೇ ತಗಡು ಒತ್ತುವ ಪ್ರೆಸ್ ಶಾಪ್. ಭಾನುವಾರವೂ ಧಡ್ ಧಡ್ ಅಂತ ಓಡುತ್ತಿರುತ್ತದೆ. ಮೆಟಲ್ ಬಾರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲೇ ಇಲ್ಲ. ಯಾರ ಗಲಾಟೆ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೆತ್ತಗಿನ ಹಾಡು ಶುರು ಮಾಡಿದ ಮೇಲೆ ಒಂದು ಭಾನುವಾರ ಪ್ರೆಸ್ ಶಾಪಿನ ಫೋರ್‌ಮನ್ ನಮ್ಮ ಬಾಗಿಲಿಗೆ ಬಂದು ನಿಂತರು. ಬಾಗಲಕೋಟೆ ಕಡೆಯವರು, ಮಾತು ಕಮ್ಮಿ. ಒಳಗೆ ಇಣುಕಿ ನೋಡಿ ನನ್ನನ್ನು ಕೇಳಿದರು: "ಅಕ್ಕಾರ, ಎರಡು ವಾರ ಆತು, ಸಪ್ಪಳನ ಇಲ್ಲ. ನಿಮ್ ಮಷೀನ್ ಕೆಟ್ಟೈತೇನ್ರಿ? ನಮ್ಮ ಫಿಟ್ಟರ್‌ನ ಕಳಸ್ಲೇನ್ರಿ?"

ಇಲ್ಲಿ ಮಷೀನ್ ಇಲ್ಲ, ನಾವು ಸಂಗೀತದವರು ಅಂತ ವಿವರಿಸಿದೆ. ಅವರಿಗೆ ಕುರ್ಚಿ ಹಾಕಿ ಹೊಸ ಹಾಡನ್ನೂ ಕೇಳಿಸಿದೆವು. ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು. ಆಮೇಲೆ, ಹಾಗಾದರೆ ಇಷ್ಟು ವರ್ಷ ಕೇಳುತ್ತಿದ್ದುದು ಏನು ಅಂತ ವಿಚಾರಿಸಿದರು. ಅದೂ ನಮ್ಮ ಹಾಡೇ ಅಂದ ಡ್ರಮ್ಮರ್.

ಫೋರ್‌ಮನ್ ಎದ್ದು ನಿಂತು ಅವನ ಹೆಗಲು ತಟ್ಟಿದರು. "ಇರ್ಲಿ ಬಿಡ್ರಿ. ಈಗ ರಿಪೇರಿ ಆಗೇತಲ್ಲ."

ಹೋಳಿಗೆ

ನಮ್ಮ ಹಾಡುವವನದು ಜಾಲಹಳ್ಳಿ. ಅಪ್ಪ ಸರ್ಕಾರಿ ಕಾರ್ಖಾನೆಯಿಂದ ರಿಟೈರ್ ಆದವರು. ಸಂಜೆ ಆರಕ್ಕೆ ಕುಕ್ಕರ್ ಕೂಗಿದರೆ ಇಡೀ ಬೀದಿಗೆ ಕೇಳುವಷ್ಟು ಶಾಂತವಾದ ಜಾಗ. ಅಂಥ ಬೀದಿಯಿಂದ ಬಂದವನು ಮೆಟಲ್ ಬ್ಯಾಂಡಿನಲ್ಲಿ ಗಂಟಲಿನ ತಳದಿಂದ ಘರ್ಜಿಸುತ್ತಾನೆ. ಸಾಹಿತ್ಯ ಅವನದೇ, ಅಪ್ಪಟ ಕನ್ನಡ. ಆದರೆ ಒಂದು ಪದವೂ ಯಾರಿಗೂ ಅರ್ಥವಾಗಿದ್ದಿಲ್ಲ. ಅವರಮ್ಮ ಪ್ರತಿ ಶೋ ಮುಗಿದ ಮೇಲೂ ಅವನಿಗೆ ಬಿಸಿನೀರು, ಉಪ್ಪು ತಂದಿಡುತ್ತಿದ್ದರು.

ಈಗ ತೆರೆದ ಗಂಟಲಲ್ಲಿ ಹಾಡಬೇಕು. ಮೊದಲ ದಿನ ಮೈಕ್ ಮುಂದೆ ನಿಂತವನು ಬಾಯೇ ತೆಗೆಯಲಿಲ್ಲ. ಸ್ಟ್ಯಾಂಡಿನ ಎತ್ತರ ಸರಿಮಾಡುತ್ತಲೇ ಇದ್ದ. ನಾನು ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದೆ. "ಕಿರುಚೋವಾಗ ಒಳಗಿರೋನು ಯಾರಿಗೂ ಕಾಣಿಸ್ತಿರಲಿಲ್ಲ ಕಣೇ," ಅಂದ. "ಈಗ ಎಲ್ಲಾ ಕೇಳಿಸತ್ತೆ." ನಾನು ಇನ್ನೊಂದು ಟೀ ಹೇಳಿದೆ.

ಒಂದು ಭಾನುವಾರ ಶೆಡ್ಡಿನಲ್ಲಿ ಕರೆಂಟ್ ಇರಲಿಲ್ಲ. ಅವನ ಮನೆಯ ಹಾಲಿನಲ್ಲೇ ಪ್ರಾಕ್ಟೀಸಿಗೆ ಕೂತೆವು. 'ಈ ಮನೆಯಲ್ಲಿ ನನ್ನ ಕೇಳುವವರಿಲ್ಲ' ಅಂತ ಶುರುವಾಗುವ ಹಾಡು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತು, ಕೊನೆಯವರೆಗೂ ಕೇಳಿ ಒಳಗೆ ಹೋದರು.

ಆ ವಾರವೆಲ್ಲ ಮನೆಯಲ್ಲಿ ಅವನಿಗೆ ರಾಜೋಪಚಾರ. ಅಪ್ಪ ಟಿವಿ ರಿಮೋಟನ್ನು ತಾವಾಗಿಯೇ ಕೊಟ್ಟರಂತೆ. ಅಮ್ಮ ದಿನಕ್ಕೊಂದು ತಿಂಡಿ ಮಾಡಿ, ಪಕ್ಕದಲ್ಲಿ ಕೂತು, ಆಫೀಸಲ್ಲಿ ಏನಾಯ್ತು ಅಂತ ಕೇಳಿದರಂತೆ. ಹಾಡಿನ ಮನೆ ಬೇರೆ, ಈ ಮನೆ ಬೇರೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲವಂತೆ.

ಮುಂದಿನ ಭಾನುವಾರ ಅವನು ಇನ್ನೂ ದುಃಖದ ಹಾಡೊಂದನ್ನು ಬರೆದುಕೊಂಡು ಬಂದ. ಇವತ್ತೂ ನಮ್ಮ ಮನೇಲೇ ಪ್ರಾಕ್ಟೀಸ್ ಮಾಡೋಣ ಅಂದ. ಶೆಡ್ಡಿಗೆ ಕರೆಂಟ್ ಬಂದಿದೆಯಲ್ಲ ಅಂದೆ.

"ಬಂದಿದೆ. ಆದ್ರೆ ಕಾಯಿ ಹೋಳಿಗೆ ತಿಂದು ಬಹಳ ದಿನ ಆಯ್ತು."

ಮೊದಲ ಶೋ

ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತಿಗೆ, ಫುಡ್ ಕೋರ್ಟ್ ಮುಂದೆ ನಮ್ಮ ಮೊದಲ ಶೋ. ಸುದ್ದಿ ಹೇಗೋ ಹಬ್ಬಿ ನಮ್ಮ ಮೆಟಲ್ ಅಭಿಮಾನಿಗಳೂ ಬಂದಿದ್ದರು. ಐಡಿ ಕಾರ್ಡ್ ನೇತುಹಾಕಿಕೊಂಡು ಮೊಸರನ್ನ ತಿನ್ನುವವರ ನಡುವೆ ಒಂದು ಸಾಲು ಕಪ್ಪು ಟೀ ಶರ್ಟ್. ಶೋ ಶುರುವಾದ ಕೂಡಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವುದು ಅವರ ಪದ್ಧತಿ. ಅದಕ್ಕಾಗಿ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, ಜಾಗ ಮಾಡಿಕೊಂಡು, ಕನ್ನಡಕ ಜೇಬಿಗೆ ಹಾಕಿಕೊಂಡು ತಯಾರಾಗಿ ನಿಂತರು.

ನಾವು ಬಾರಿಸಿದೆವು. ಅವರು ಕಾದರು. ಎರಡನೇ ಹಾಡಿಗೆ ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ ಭುಜ ತಾಗಿಸಿ ನೋಡಿ, ಸಾರಿ ಅಂದ. ಊಟ ಮಾಡುತ್ತಿದ್ದವರು ಮಾತ್ರ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಕೊನೆಯ ಹಾಡಿನ ಹೊತ್ತಿಗೆ ಹಾಡುವವನು ಮೈಕಿನ ಸ್ಟ್ಯಾಂಡ್ ಸರಿಮಾಡುವುದನ್ನೇ ಬಿಟ್ಟಿದ್ದ.

ವೈರು ಸುತ್ತುತ್ತಿದ್ದಾಗ ಅಭಿಮಾನಿಗಳಲ್ಲಿ ಉದ್ದನೆಯವನೊಬ್ಬ ಹತ್ತಿರ ಬಂದ. ಬಹಳ ವಿನಯದಿಂದ ಹೇಳಿದ: "ಸೌಂಡ್ ಚೆಕ್ ಸಕ್ಕತ್ತಾಗಿತ್ತು ಅಕ್ಕ. ಶೋ ಎಷ್ಟೊತ್ತಿಗೆ?"

ಲೀಡ್ ಗಿಟಾರಿಸ್ಟ್

ಇನ್ನು ಬರಲ್ಲ ಅಂದವನ ವಿಷಯ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆ, ಬೆನ್ನಿನವರೆಗೆ ಕೂದಲು. ಬೆಂಗಳೂರಿನಲ್ಲಿ ಅವನಷ್ಟು ವೇಗವಾಗಿ ಗಿಟಾರ್ ಬಾರಿಸುವವರನ್ನು ನಾನು ಕಂಡಿಲ್ಲ. ನಿಧಾನದ ಹಾಡೆಲ್ಲ ವಯಸ್ಸಾದವರ ಕೆಲಸ, ನೀವೇ ಮಾಡಿಕೊಳ್ಳಿ ಅಂದಿದ್ದ. ಡ್ರಮ್ಮರನ ಕುತ್ತಿಗೆ ಸರಿಹೋಗಿ ಮೆಟಲ್ ಮತ್ತೆ ಶುರುವಾದ ಮೇಲೂ ಇವನು ಪ್ರಾಕ್ಟೀಸಿಗೆ ಬರುವುದು, ಬಾರಿಸುವುದು, ಗಿಟಾರ್ ಚೀಲಕ್ಕೆ ಹಾಕಿಕೊಂಡು ಹೊರಡುವುದು, ಅಷ್ಟೇ. ಮುಂಚಿನ ಹಾಗೆ ಇಡ್ಲಿಗೆ ನಿಲ್ಲುತ್ತಿರಲಿಲ್ಲ. ಡ್ರಮ್ಮರೂ ಅವನೂ ಸ್ಕೂಲಿನಿಂದ ಗೆಳೆಯರು. ಇವನು ಹೋದರೆ ಬ್ಯಾಂಡೂ ಇಲ್ಲ, ಗೆಳೆತನವೂ ಇಲ್ಲ ಅಂತ ಡ್ರಮ್ಮರ್ ಕೊರಗುತ್ತಿದ್ದ. ಮೆತ್ತಗಿನ ಬ್ಯಾಂಡನ್ನೇ ನಿಲ್ಲಿಸಿಬಿಡೋಣ ಅನ್ನುವವರೆಗೂ ಬಂದೆವು.

ಅಷ್ಟರಲ್ಲಿ ಹೆಬ್ಬಗೋಡಿಯ ಒಂದು ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಕರೆದರು. ಅವನ ಊರಿಗೇ ಹೋಗಿ ಬಾರಿಸಿ ಗಾಯಕ್ಕೆ ಉಪ್ಪು ಸುರಿಯುವುದು ಹೇಗೆ ಅಂತ ಯೋಚನೆಯಾಯಿತು. ಒಪ್ಪಿಕೊಂಡಾಗಿತ್ತು, ಹೋದೆವು. ನಮಗಿಂತ ಮುಂಚೆ ಒಂದು ಆರ್ಕೆಸ್ಟ್ರಾ. ಹಳೇ ಚಿತ್ರಗೀತೆಗಳು, ಒಂದು ಗಂಡು ದನಿ, ಒಂದು ಹೆಣ್ಣು ದನಿ, ಎಲ್ಲರಿಗೂ ಮಿಂಚುವ ಮೆರೂನ್ ಕೋಟು. ನಾವು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆವು. ಯುಗಳ ಗೀತೆಯೊಂದರ ನಡುವೆ ಗಿಟಾರಿನ ಒಂದು ಸಣ್ಣ ತುಣುಕು ಬಂತು. ಎಷ್ಟು ನಯವಾಗಿತ್ತೆಂದರೆ ಮೂವರೂ ಒಟ್ಟಿಗೆ ಕತ್ತೆತ್ತಿದೆವು.

ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿ ಕಟ್ಟಿದ್ದ, ಕತ್ತಿಗೆ ಬೋ ಟೈ ಹಾಕಿದ್ದ. ಅವನೇ. ಅವನೂ ನಮ್ಮನ್ನು ನೋಡಿದ. ಒಂದು ಸ್ವರವನ್ನೂ ತಪ್ಪಿಸಲಿಲ್ಲ, ಮುಖ ಮಾತ್ರ ಕೋಟಿನ ಬಣ್ಣಕ್ಕೆ ತಿರುಗಿತು.

ವೇದಿಕೆ ಹಿಂದೆ ಜನರೇಟರ್ ಪಕ್ಕದಲ್ಲಿ ಸಿಕ್ಕ. ಕಾಲೇಜು ಮುಗಿದಾಗಿನಿಂದ ಈ ಆರ್ಕೆಸ್ಟ್ರಾದಲ್ಲಿ ಇದ್ದಾನಂತೆ. ಗೊತ್ತಾದರೆ ಮೆಟಲ್ ಬ್ಯಾಂಡಿನಿಂದ ತೆಗೆದುಹಾಕುತ್ತೀರಿ ಅಂತ ಬಾಯಿ ಬಿಟ್ಟಿರಲಿಲ್ಲವಂತೆ.

"ಹಾಗಿದ್ರೆ ನಮ್ಮ ಜೊತೆ ಯಾಕೆ ಬರಲಿಲ್ಲ ಮಗಾ?" ಅಂತ ಕೇಳಿದ ಡ್ರಮ್ಮರ್.

"ನಿಧಾನದ ಹಾಡಿಗೆ ಕೈ ಇಟ್ರೆ ಆರ್ಕೆಸ್ಟ್ರಾ ಬೆರಳು ಗೊತ್ತಾಗ್ಬಿಡತ್ತೆ ಕಣೋ. ಅದಕ್ಕೇ ಹೆದರಿಕೊಂಡೆ."

ಡ್ರಮ್ಮರ್ ಅವನನ್ನು ತಬ್ಬಿಕೊಂಡ. ಕೋಟಿನ ಮಿಂಚೆಲ್ಲ ಇವನ ಟೀ ಶರ್ಟಿಗೆ ಅಂಟಿತು. ಹಾಗೇ ಹೋಗಿ ಡ್ರಮ್ಸ್ ಮುಂದೆ ಕೂತ. ಲೀಡ್ ಗಿಟಾರಿಸ್ಟ್ ಮೊದಲ ಸಾಲಿನಲ್ಲಿ, ಅಪಾರ್ಟ್‌ಮೆಂಟಿನ ಹಿರಿಯರ ನಡುವೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ನಮ್ಮ ಅಷ್ಟೂ ಹಾಡು ಕೇಳಿದ.

ಇಳಿದು ಬಂದ ಮೇಲೆ ಮೂವರೂ ಅವನ ಮುಂದೆ ನಿಂತೆವು. ಹೇಗಿತ್ತು ಅಂತ ಕೇಳಲು ಯಾರಿಗೂ ಧೈರ್ಯವಿಲ್ಲ. ಅವನು ಬೋ ಸಡಿಲ ಮಾಡಿಕೊಂಡ.

"ಚೆನ್ನಾಗಿತ್ತು," ಅಂದ. "ಆದ್ರೆ ಎಲ್ಲಾ ಸ್ವಲ್ಪ ಫಾಸ್ಟ್ ಆಯ್ತು."