ಅವ್ವನ ಮೊದಲ ಹದಿನಾರು ಬೈಟು

"ಶಿವಕಾಂತಮ್ಮನ ಮನ್ಯಾಗ ಬೆಲ್ಲದ ಡಬ್ಬಿಗೂ ಕೀಲಿ ಅದ!" ಎಂದು ಶಹಾಬಾದಿನ ನಮ್ಮ ಓಣಿಯವರು ನಗುತ್ತಿದ್ದರು. ಸುಳ್ಳಲ್ಲ. ನಮ್ಮವ್ವನ ಸೊಂಟದ ಕೀಲಿಗೊಂಚಲು ಗಿಲಿಗಿಲಿ ಎನ್ನುತ್ತ ಅವಳಿಗಿಂತ ಮೊದಲೇ ಮನೆಯೊಳಗೆ ಬರುತ್ತಿತ್ತು. ಅಂಥ ತಾಯಿಯ ಮಗ ನಾನು, ಮೇಲಾಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸಾಮ್ರಾಟ! ಕೀಲಿಯ ವಂಶಕ್ಕೆ ಕಳಸ ಇಡದೆ ಬಿಟ್ಟೇನೆ?

ತೀರಿಕೊಳ್ಳುವ ಮುಂಚೆ ಅವ್ವ ಪಕ್ಕದ ಮನೆಯ ಅಲ್ಮಾಸಳ ಮೊಬೈಲಿನಲ್ಲಿ ಒಂದು ಪತ್ರ ಬರೆಸಿ ನನಗೆ ಕಳಿಸಿದ್ದಳು. "ಈ ಮನಿ ಬಿಡೂ ದಿನಾನೇ ಓದಬೇಕು. ಮೊದಲ ಓದಿದ್ರ ನನ್ನಾಣಿ!" ಎಂದಿದ್ದಳು. ನನ್ನ ಕೈ ನನಗೇ ಗೊತ್ತಲ್ಲ! ಓದದೆಯೇ ಕಪ್ಪು ಪರದೆ ತೆರೆದು, ಪತ್ರವನ್ನು ಗೂಢಲಿಪಿಯಾಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಮಹಾಬೀಗ ಜಡಿದು, ಮೂಲವನ್ನು ಅಳಿಸಿಬಿಟ್ಟೆ. ಅದಕ್ಕೆ ಅರವತ್ನಾಲ್ಕು ಅಕ್ಷರದ ಕೀಲಿ. ಜತೆಗೆ 'ಐವಿ' ಎಂಬ ಮೂವತ್ತೆರಡು ಅಕ್ಷರದ ಸಾಲು. ಕೀಲಿ ಗುಟ್ಟು, ಐವಿ ಗುಟ್ಟಲ್ಲ, ಆದರೆ ತೆರೆಯುವಾಗ ಅದೂ ಬೇಕು. ಕೀಲಿಯ ಚೀಟಿ ಟ್ರಂಕು ಸೇರಿತು. ಐವಿಯನ್ನು ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ ಗೋಡೆಯ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ರಾಜಾರೋಷವಾಗಿ ಬರೆದೆ!

ಈಗ ಚಿಂಚೋಳಿಗೆ ವರ್ಗವಾಯಿತು. ಬಾಡಿಗೆ ಮನೆ ಬಿಡುವ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಹೋದರೆ, ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು.

"ರಾಧಿಕಾ! ಇಲ್ಲಿ ಬರದಿದ್ದು ಎಲ್ಲದ?" ಎಂದು ಹೆಂಡತಿಯನ್ನು ಕೂಗಿದೆ.

"ಹಳೇ ಗ್ಯಾಸಿನ ನಂಬರ ಇರಬೇಕಂತ ತಿಕ್ಕಿ ತೊಳದೀನ್ರಿ. ಮಾಲಕರಿಗಿ ಮನಿ ಹೊಲಸು ಕೊಡಬೇಕೇನು?"

"ಅದು ಅವ್ವನ ಪತ್ರದ ಐವಿ!"

"ಗುಟ್ಟಿಂದು ಟ್ರಂಕಿನಾಗ, ಬೇಕಾಗಿದ್ದು ಗೋಡಿ ಮ್ಯಾಲ! ಭಾಳ ಶ್ಯಾಣ್ಯಾ ಇದ್ದೀರಿ!"

ಪತ್ರದ ಮೂಲ ಅವಳ ಮೊಬೈಲಿನಲ್ಲಿ ಉಳಿದಿದ್ದೀತೆಂದು, ಸೇಡಂಗೆ ಮದುವೆಯಾಗಿ ಹೋಗಿದ್ದ ಅಲ್ಮಾಸಳಿಗೆ ಫೋನಾಯಿಸಿದೆ. "ಆ ಫೋನು ಚಂದ್ರಂಪಳ್ಳಿ ಡ್ಯಾಮಿನಾಗ ಬಿದ್ದು ವರ್ಷಾತು, ಭಾಯಿ!"

ಅಳುವುದೊಂದೇ ಬಾಕಿ. ಕೊನೆಗೆ ಟ್ರಂಕಿನ ಚೀಟಿಯ ಕೀಲಿ ಹಾಕಿ, ಐವಿಯ ಜಾಗದಲ್ಲಿ ಮೂವತ್ತೆರಡು ಸೊನ್ನೆ ಕೊಟ್ಟು, ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಪತ್ರ ತೆರೆಯಿತು! ತಪ್ಪಾದ ಐವಿ ತಿಂದದ್ದು ಮೊದಲ ಹದಿನಾರು ಬೈಟು ಮಾತ್ರ. ಕನ್ನಡದಲ್ಲಿ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಮೂರು ಮೂರು ಬೈಟು, ನಡುವಿನ ಖಾಲಿ ಜಾಗಕ್ಕೆ ಒಂದು; ಅಂದರೆ ಒಂದೆರಡು ಪುಟ್ಟ ಮಾತು. ಅಲ್ಲಿ ಬರೀ ಕಸ, ಮುಂದೆಲ್ಲ ಅವ್ವ.

"... ನಾ ಕೀಲಿ ಹಾಕಿದ್ದು ಕಳ್ಳರಿಗಿ ಅಂಜಿ ಅಲ್ಲ. ಕೀಲಿ ಇತ್ತಂದ್ರ ನೀ ಬೆಲ್ಲಕ್ಕ ನನ್ನ ಸೆರಗು ಹಿಡಕೊಂಡು ಬರ್ತಿದ್ದಿ. ಅದಕ್ಕ ಹಾಕ್ತಿದ್ದೆ. ಇನ್ನ ನೀ ಯಾವುದಕ್ಕೂ ಕೀಲಿ ಹಾಕಬ್ಯಾಡ."

ಗೊಂಚಲಿನ ಗಿಲಿಗಿಲಿ ಕಿವಿಯಲ್ಲೇ ಕೇಳಿಸಿತು. ರಾಧಿಕಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಶುರೂಕ ಏನಂತ ಕರದಾರ್ರಿ?" ಎಂದಳು.

"ಮತ್ತೇನು? 'ತಮ್ಮಾ' ಅಂತ. ಇಲ್ಲಾ 'ಬಂಗಾರಾ' ಅಂತ!" ಎಂದೆ ಎದೆಯುಬ್ಬಿಸಿ.

ಬೀಳ್ಕೊಡಲು ಬಂದಿದ್ದ ಅಲ್ಮಾಸಳ ತಾಯಿ ಜೈತುನ್ಬೀ ಚಾಚಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಚಾಚಿ, ನಿನಗ ಗೊತ್ತೇನು?"

"ನಮ್ಮ ಅಂಗಳದಾಗಽ ಕುಂತು ಬರಸ್ಯಾಳ, ಬೇಟಾ. ಇಡೀ ಓಣಿಗೆ ಗೊತ್ತದ. ಹೋಗಲಿ ಬಿಡು."

ಸಾಮಾನು ಟೆಂಪೋ ಏರಿತು. ಖಾಲಿ ಮನೆಗೆ ಕೊನೆಯ ಬಾರಿ ಬೀಗ ಹಾಕಿ ಮಾಲಕರ ಕೈಗೆ ಕೀಲಿ ಕೊಟ್ಟೆ. ಮೆಟ್ಟಿಲಿಳಿದವನು ಅಭ್ಯಾಸಬಲದಿಂದ ತಿರುಗಿ ಬಂದು, ಬೀಗವನ್ನು ಎರಡು ಸಲ ಜಗ್ಗಿ ನೋಡಿದೆ.

ಹಿಂದಿನಿಂದ ಚಾಚಿ, ಥೇಟ್ ಅವ್ವನ ದನಿಯಲ್ಲಿ ಕೂಗಿದಳು:

"ಏ ಗೂಬಿ"

ಲೆಕ್ಕ ಹಾಕಿದೆ. ಸರಿಯಾಗಿ ಹದಿನಾರು ಬೈಟು!