ಸೋದರಮಾವನ ಸಾವಿಗೆ ತೊಳೆದ ಮುಖ

ಸೆರ್ವಾ: ಕೈ ತೆಗೀರಿ ಅಂದೆ! ಮುಖಾನೇ ಮುಚ್ಕೊಂಡು ಕೂತ್ರೆ ನಾನೇನು ನೋಡ್ಲಿ?

ಬೊನ್ಸು: ನೋಡಿ ಏನ್ ಮಾಡ್ತೀಯ? ಸುಟ್ಟೋಳೂ ನೀನೇ, ಸಮಾಧಾನ ಮಾಡೋಳೂ ನೀನೇನಾ?

ಸೆರ್ವಾ: ನಾನು ಸುಟ್ಟೆನಾ?

ಬೊನ್ಸು: ನಿನ್ನ ಸೋಪು ಸುಡ್ತು. ಸೋಪು ಮಾಡಿದ್ದು ಯಾರು, ಪಕ್ಕದ ಮನೆಯವರಾ?

ಪಕ್ಕದ ಮನೆಯವಳು ನಾನೇ. ಗೋಡೆಯ ಈಚೆ ಕೂತು ಮಧ್ಯಾಹ್ನದ ಫುಫು ಮುದ್ದೆಗೆ ಮರಗೆಣಸು ಸುಲಿಯುತ್ತಿದ್ದೆ. ಸುಲಿಯುವ ಕೆಲಸದಲ್ಲಿ ಸದ್ದಿಲ್ಲ, ಅದೇ ಅದರ ಅನುಕೂಲ. ನಮ್ಮ ಎಫಿಡುವಾಸೆ ಊರಿನಲ್ಲಿ ಸೆರ್ವಾಳ ಕರಿ ಸೋಪು ಗೊತ್ತಿಲ್ಲದವರಿಲ್ಲ. ಮೂರು ಸಂತೆಗೆ ಹೋಗುತ್ತದೆ. ಅವಳ ಗಂಡ ಬೊನ್ಸು ಕೋಕೋ ಮಂಡಿಯಲ್ಲಿ ಮೂಟೆ ತೂಗಿ ನಿವೃತ್ತನಾದವನು. ಇಲ್ಲಿಯವರೆಗೂ ತನಗೆ ಮುಖ ಎಂಬುದೊಂದಿದೆ ಎಂದು ಅವನಿಗೇ ನೆನಪಿದ್ದಂತೆ ಕಾಣೆ. ನಾಳೆ ಶನಿವಾರ ಅವನ ಸೋದರಮಾವ ಜಾಸಿಯ ಶವಸಂಸ್ಕಾರ, ಮುಖದ ನೆನಪು ಈ ವಾರವೇ ಬರಬೇಕಿತ್ತು.

ಸೆರ್ವಾ: ಅಯ್ಯಯ್ಯೋ... ಕಣ್ಣು ಎಲ್ಲಿ ಹೋದ್ವು? ನಮ್ಮ ಪೊಕುವಾಳ ಅಪ್ಪಾ, ನಿಮಗೆ ಎರಡು ಕಣ್ಣಿದ್ವಲ್ಲ!

ಬೊನ್ಸು: ಒಳಗಿವೆ. ಉರೀತಿವೆ.

ಸೆರ್ವಾ: ಯಾವ ಸೋಪು ತಗೊಂಡ್ರಿ? ಬುಟ್ಟಿದಾ, ಹಂಡೇದಾ?

ಬೊನ್ಸು: ಹಂಡೇದು. ಹೊಸದು. ಹೊಸದಕ್ಕೆ ಶಕ್ತಿ ಜಾಸ್ತಿ ಅಲ್ವಾ?

ಸೆರ್ವಾ: ಅದು ಮೊನ್ನೆ ಒಲೆಯಿಂದ ಇಳಿಸಿದ್ದು ರೀ! ಕೋಕೋ ಸಿಪ್ಪೆ ಬೂದಿ ಖಾರ ಇನ್ನೂ ಹಾಗೇ ಇದೆ. ಮೂರು ವಾರ ಆರ್ಬೇಕು ಅದು. ಅದರಲ್ಲಿ ನಾನು ಮಸಿ ಪಾತ್ರೇನೂ ತಿಕ್ಕಲ್ಲ.

ಬೊನ್ಸು: ಹಂಡೆ ಮೇಲೆ ಬರೆದು ಅಂಟಿಸ್ಬೇಕಿತ್ತು.

ಸೆರ್ವಾ: ಮೂವತ್ತು ವರ್ಷದಿಂದ ಅದೇ ಹಂಡೆ ಪಕ್ಕ ಕೂತು ಗಂಜಿ ಕುಡೀತಿದ್ದೀರಿ. ಬರೆದು ಅಂಟಿಸ್ಬೇಕಾದ್ದು ಹಂಡೆ ಮೇಲಲ್ಲ, ನಿಮ್ಮ ಹಣೆ ಮೇಲೆ. ಎಷ್ಟು ತಗೊಂಡ್ರಿ?

ಬೊನ್ಸು: ಸ್ವಲ್ಪ.

ಸೆರ್ವಾ: ಸ್ವಲ್ಪ ಅಂದ್ರೆ?

ಬೊನ್ಸು: ಒಂದು ಕೆಂಕಿ ಉಂಡೆಯಷ್ಟು.

ಸೆರ್ವಾ: ಕೆಂಕಿ ಉಂಡೆ! ಒಂದು ಉಂಡೆ ಕೆಂಕಿ ತಿಂದ್ರೆ ಇಬ್ಬರ ಹೊಟ್ಟೆ ತುಂಬುತ್ತೆ. ಮುಖಕ್ಕೆ ಕಡ್ಲೆಬೀಜದಷ್ಟು ಸಾಕು! ಅದನ್ನೂ ಮುಖಕ್ಕೆ ನೇರವಾಗಿ ತಿಕ್ಕೋ ಹಾಗಿಲ್ಲ, ಅಂಗೈಲಿ ನೀರು ಹಾಕಿ ಕರಗಿಸಿ ಬರೀ ನೊರೆ ಹಚ್ಬೇಕು. ನೀವು?

ಬೊನ್ಸು: ಬಲೆಗೆ ಮೆತ್ತಿ ತಿಕ್ಕಿದೆ.

ಸೆರ್ವಾ: (ಧ್ವನಿ ಇಳಿಸಿ) ಯಾವ ಬಲೆ?

ಬೊನ್ಸು: ಮೈಯುಜ್ಜೋ ಬಲೆ. ಹಸಿರುದು. ನೀನು ನಿನ್ನೆ ಸಂತೆಯಿಂದ ತಂದೆಯಲ್ಲ.

ನಾನು ಚಾಕು ಕೆಳಗಿಟ್ಟೆ. ನಮ್ಮಲ್ಲಿ ಹೊಸ ಬಲೆಯನ್ನು ಮೊದಲ ತಿಂಗಳು ಹಿಮ್ಮಡಿಗೆ ಹಾಕುತ್ತಾರೆ. ಅದು ಮೆತ್ತಗಾದ ಮೇಲೆ ಬೆನ್ನಿಗೆ ಬಡ್ತಿ. ನಡೆಯಲು ಬಾರದ ಮಗುವಿಗೂ ಗೊತ್ತಿರುವ ವಿಷಯ ಇದು.

ಸೆರ್ವಾ: ಅದು ಹಿಮ್ಮಡಿ ಬಿರುಕಿಗೆ ತಂದಿದ್ದು! ಹಳೆ ಬಲೇನೂ ಮುಖಕ್ಕೆ ಮುಟ್ಟಿಸ್ಬಾರದು!

ಬೊನ್ಸು: ಬೆನ್ನಿಗಾಗುತ್ತೆ, ಮುಖಕ್ಕಾಗಲ್ವಾ? ಮುಖ ಏನು ಬೆನ್ನಿಗಿಂತ ದೊಡ್ಡ ಮನುಷ್ಯನಾ?

ಸೆರ್ವಾ: ಎಷ್ಟು ಸಲ ತೊಳೆದ್ರಿ?

ಬೊನ್ಸು: ಬರೀ ಐದು.

ಸೆರ್ವಾ: ವಾರದಿಂದಾ?

ಬೊನ್ಸು: ಕೋಳಿ ಕೂಗಿದಾಗಿಂದ.

ಸೆರ್ವಾ: ದಿನಕ್ಕೆ ಎರಡು ಸಲ ರೀ! ಬೆಳಗ್ಗೆ ಒಂದು, ಮಲಗೋಕೆ ಮುಂಚೆ ಒಂದು. ಅದಕ್ಕಿಂತ ಜಾಸ್ತಿ ತೊಳೆಯೋಕೆ ಅದೇನು ಬಸ್ಸಾ? ಅದೂ ಈ ಒಣಗಾಳಿ ಬೀಸೋ ತಿಂಗಳಲ್ಲಿ! ಮೊದಲನೇ ಸಲಕ್ಕೇ ಉರಿ ಬರ್ಲಿಲ್ವಾ?

ಬೊನ್ಸು: ಬಂತು. ಉರಿ ಬಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥವಂತೆ. ಫೋನಲ್ಲಿ ಆ ಹುಡುಗಿ ಹೇಳಿದ್ಲು.

ಸೆರ್ವಾ: ಯಾವ ಹುಡುಗಿ?

ಬೊನ್ಸು: ಗೊತ್ತಿಲ್ಲ. ಮುಖ ಚೆನ್ನಾಗಿತ್ತು.

ಸೆರ್ವಾ: ಮನೇಲಿ ಸೋಪು ಮಾಡೋ ಹೆಂಡ್ತಿ ಇದ್ದಾಳೆ. ಕೇಳಿದ್ದು ಫೋನಲ್ಲಿರೋ ಹುಡುಗೀನ! ಇನ್ನೇನು ಹೇಳಿದ್ಲು ಆ ಮಹಾತಾಯಿ?

ಬೊನ್ಸು: ಬಿಸಿನೀರಲ್ಲಿ ತೊಳೀರಿ ಅಂದ್ಲು. ಆಮೇಲೆ ನಿಂಬೆಹಣ್ಣು.

ಸೆರ್ವಾ: ತಿಕ್ಕಿ ಸುಲಿದ ಮುಖಕ್ಕೆ ನಿಂಬೆಹಣ್ಣಾ? ಮೀನು ಹುರಿಯೋಕೆ ಹಚ್ಚೋ ಹಾಗೆ?

ಬೊನ್ಸು: ಅದು ತುಂಬಾ ಉರೀತು. ಅದಕ್ಕೇ ತಂಪಾಗ್ಲಿ ಅಂತ ಟೂತ್‌ಪೇಸ್ಟ್ ಹಚ್ಚಿದೆ.

ಸೆರ್ವಾ: ಹಲ್ಲಿಲ್ಲದ ಜಾಗಕ್ಕೆ!

ಅವಳು ನಕ್ಕಳೋ ಅತ್ತಳೋ ಗೋಡೆಯಾಚೆಯಿಂದ ತಿಳಿಯಲಿಲ್ಲ. ನಾನು ಮಣೆಯ ಮೇಲೆ ಹತ್ತಿ ನೋಡಿದೆ. ನೋಡಬಾರದಿತ್ತು. ಬೊನ್ಸುವಿನ ಮುಖ ಊದಿ, ಕೆನ್ನೆಯಲ್ಲಿ ಸಿಪ್ಪೆ ಎದ್ದು, ಕಣ್ಣುಗಳಿಂದ ದಳದಳ ನೀರು ಸುರಿಯುತ್ತಿತ್ತು.

ಸೆರ್ವಾ: ಅಲ್ಲ, ಅರವತ್ತೆರಡು ವರ್ಷಕ್ಕೆ ಈ ಶೋಕಿ ಯಾಕೆ ಬೇಕಿತ್ತು?

ಬೊನ್ಸು: ಶೋಕಿ ಅಲ್ಲ ಕಣೇ. ಮಾವನ ಆಸ್ತಿ ಸೋದರಳಿಯಂದಿರಲ್ಲಿ ಒಬ್ಬನಿಗೆ ತಾನೇ? ನಾಳೆ ಅವನ ಕುರ್ಚೀಲಿ ಯಾರನ್ನ ಕೂರಿಸ್ಬೇಕು ಅಂತ ಕುಲದ ಯಜಮಾನಿ ನಾನಾ ಬಿರಾಗೊ ಹೇಳ್ತಾಳೆ. ಒಂದೋ ನಾನು, ಇಲ್ಲ ಅಂಪೊನ್ಸಾ. ಅವನು ನನ್ನ ಇನ್ನೊಬ್ಬ ದೊಡ್ಡಮ್ಮನ ಮಗ. ಅಕ್ರಾ ಪಟ್ಟಣದಿಂದ ಬಂದಾಗೆಲ್ಲ ಅವನ ಮುಖ ನೋಡಿದ್ದೀಯ? ತೊಳೆದ ಬದ್ನೇಕಾಯಿ ಹಾಗೆ ಮಿಂಚುತ್ತೆ. ನಾನು ಪಕ್ಕ ನಿಂತ್ರೆ ಅವನ ಮೂಟೆ ಹೊರೋಕೆ ಬಂದೋನು ಅನ್ಕೊತಾರೆ.

ಸೆರ್ವಾ: ಅನ್ಕೊಳ್ಲಿ ಬಿಡಿ.

ಬೊನ್ಸು: ಬಿಡೋದು ಹೇಗೆ? ಇಪ್ಪತ್ತು ವರ್ಷ ಮಾವನ ಕೋಕೋ ತೋಟ ನೋಡ್ಕೊಂಡೋನು ನಾನು. ಅದು ಅವನ ಕೈಗೆ ಹೋಯ್ತೋ, ಮಾರಿ ಕಾರು ತಗೋತಾನೆ. ಈ ಮನೇನೂ ಕುಲದ್ದೇ. ನಿನ್ನ ಹಂಡೆ ತಗೊಂಡು ಎಲ್ಲಿಗೆ ಹೋಗ್ತೀಯ?

ಸೆರ್ವಾ ತಣ್ಣೀರಿನಲ್ಲಿ ಹಳೆಯ ಹತ್ತಿಬಟ್ಟೆ ಅದ್ದಿ ತಂದು ಅವನ ಮುಖದ ಮೇಲಿಟ್ಟಳು. ನನಗೆ ಅವಳ ಮೇಲೆ ಬಹಳ ಮರುಕ ಹುಟ್ಟಿತು. ಅವಳು ಆ ಅಂಗಳ ಬಿಟ್ಟುಹೋದರೆ ನನಗೆ ಕೇಳಿಸಿಕೊಳ್ಳಲು ಏನಿರುತ್ತದೆ?

ಸೆರ್ವಾ: ಉಜ್ಜಬೇಡಿ, ಒತ್ತಿ ತೆಗೀರಿ. ಚರ್ಮ ಒದ್ದೆ ಇರೋವಾಗ್ಲೇ ಶಿಯಾ ಬೀಜದ ಬೆಣ್ಣೆ ತೆಳ್ಳಗೆ ಹಚ್ತೀನಿ. ಇನ್ನು ನಾಳೆ ಸಂಜೆವರೆಗೂ ಆ ಮುಖಾನ ಅದರ ಪಾಡಿಗೆ ಬಿಟ್ಬಿಡಿ.

— ಅಗೋ, ಅಗೋ! ಒಳಗೆ ಬರ್ಲಾ? ಮನೇಲಿ ಯಾರಿದ್ದೀರಿ?

ಬಾಗಿಲಲ್ಲಿ ಕೋಲೂರಿ ನಿಂತಿದ್ದವಳು ಸಾಕ್ಷಾತ್ ನಾನಾ ಬಿರಾಗೊ. ನಮ್ಮಲ್ಲಿ ಹಿರಿಯರನ್ನು ‘ನಾನಾ’ ಎಂದೇ ಕರೆಯುವುದು. ಸತ್ತ ಜಾಸಿಯ ಅಕ್ಕ, ಎಂಬತ್ತನಾಲ್ಕು ವರ್ಷ. ಆ ಕುಲದಲ್ಲಿ ಅವಳು ಬೇಡ ಎಂದದ್ದು ಈವರೆಗೆ ನಡೆದಿಲ್ಲ. ಬೊನ್ಸು ಹಂಡೆಯ ಹಿಂದೆ ಬಗ್ಗಿದ, ಆದರೆ ಅವನ ಹೊಟ್ಟೆ ಅಡಗಲಿಲ್ಲ.

ಬಿರಾಗೊ: ಬೊನ್ಸು, ಎದ್ದು ಬಾ ಈ ಕಡೆ. ಏನೋ ಇದು ಮುಖ!

ಬೊನ್ಸು: ನಾನಾ... ನಾನು... ಬೆಳಗ್ಗೆಯಿಂದ ಐದು ಸಲ...

ಬಿರಾಗೊ: ಐದು ಸಲ ಅತ್ತುಬಿಟ್ಟೆಯಾ, ಕಂದಾ?

ಬೊನ್ಸು ಬಾಯಿ ತೆರೆದ. ಸೆರ್ವಾ ಅವನ ಕಾಲು ತುಳಿದಳು.

ಸೆರ್ವಾ: ನಾನೂ ಎಷ್ಟು ಬೇಡ ಅಂದೆ, ನಾನಾ. ಈ ವಯಸ್ಸಿಗೆ ಇಷ್ಟೊಂದು ಆಗ್ಬರಲ್ಲ ಅಂದೆ. ನನ್ನ ಮಾತು ಎಲ್ಲಿ ಕೇಳ್ತಾರೆ?

ಬೊನ್ಸು: (ಕಾಲಿನ ನೋವಿಗೆ) ಅಯ್ಯೋ ಮಾವಾ!

ಬಿರಾಗೊ: ನೋಡು, ಮತ್ತೆ ಶುರುವಾಯ್ತು. ಈಗಷ್ಟೇ ಆ ಅಂಪೊನ್ಸಾ ಇಳ್ಕೊಂಡಿರೋ ಮನೆಯಿಂದ ಬರ್ತಿದ್ದೀನಿ. ಕನ್ನಡಿ ಮುಂದೆ ನಿಂತಿದ್ದ. ಮಾವ ಆರು ವಾರದಿಂದ ಶವಾಗಾರದ ಐಸಲ್ಲಿ ಮಲಗಿದ್ದಾನೆ, ಇವನು ಮದುವೆ ಗಂಡಿನ ಹಾಗೆ ಹೊಳೀತಿದ್ದಾನೆ! ಹೆಣದ ಪಕ್ಕ ಆ ಮುಖ ಕೂರಿಸಿದ್ರೆ ಊರು ಏನನ್ನುತ್ತೆ? ನಾಳೆ ಮುಂದಿನ ಕುರ್ಚೀಲಿ ನೀನು ಕೂತ್ಕೋ ಬೊನ್ಸು. ತೋಟ, ಮನೆ, ಬೀಗದ ಕೈ ಎಲ್ಲ ನಿನ್ನ ಹತ್ರಾನೇ ಇರ್ಲಿ.

ಬೊನ್ಸುವಿನ ಕಣ್ಣಿನಿಂದ ಮತ್ತೆ ನೀರು ಹರಿಯಿತು. ಈ ಸಲ ಅದು ನಿಜವಾದದ್ದೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮುದುಕಿಗೆ ಕುಡಿಯುವ ನೀರು ತರುತ್ತೇನೆಂದು ಅವನು ಒಳಗೆ ಓಡಿದ. ಒಳಗೆ ಅವನು ಎರಡು ಸಲ ಕುಣಿದದ್ದು ಇಲ್ಲಿಗೆ ಕೇಳಿಸಿತು.

ಬಿರಾಗೊ: ಸೆರ್ವಾ, ಹತ್ರ ಬಾ. ಕಣ್ಣೀರಿಗೆ ನಿಂಬೆ ವಾಸನೆ ಇರುತ್ತಾ?

ಸೆರ್ವಾ ಅವಳ ಮುಂದೆ ಮಂಡಿಯೂರಿದಳು.

ಸೆರ್ವಾ: ನಾನಾ... ತಪ್ಪಾಯ್ತು. ಅವರು ಸುಳ್ಳು ಹೇಳ್ಲಿಲ್ಲ, ಹೇಳಿದ್ದು ನಾನು.

ಬಿರಾಗೊ: ನಿಂಬೆ ಒಂದೇ ಆಗಿದ್ರೆ ಸುಮ್ನಿರ್ತಿದ್ದೆ. ಕಿವಿ ಪಕ್ಕ ಟೂತ್‌ಪೇಸ್ಟ್ ಬೇರೆ ಇದೆ. ಗಾಬರಿ ಬೀಳ್ಬೇಡ. ತೋಟಕ್ಕೆ ಮೈ ಸವೆಸಿದ್ದು ಇವನೇ ಅಂತ ನನಗೆ ಗೊತ್ತಿಲ್ವಾ? ಆದ್ರೆ ಬೆವರು ತೋರಿಸಿ ಯಾರನ್ನೂ ಕುರ್ಚೀಲಿ ಕೂರಿಸೋಕಾಗಲ್ಲ ಕಣಮ್ಮ, ಊರಿಗೆ ಕಣ್ಣೀರೇ ಬೇಕು. ಈ ಮುಖ ನೋಡಿದ್ಮೇಲೆ ಒಬ್ಬರೂ ಉಸಿರೆತ್ತಲ್ಲ.

ಸೆರ್ವಾ: ನಿಮ್ಮ ಋಣ ಹೇಗೆ ತೀರಿಸ್ಲಿ ನಾನಾ?

ಬಿರಾಗೊ: ಒಂದು ಉಂಡೆ ಸೋಪು ಕೊಡು. ನಾಳೆ ಎಲ್ಲರಿಗಿಂತ ಮೊದಲು ಅಳಬೇಕಾದೋಳು ನಾನು. ಆ ಜಾಸಿ ನಲವತ್ತು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ಹುಡುಕಿದ್ರೂ ಒಂದು ಹನಿ ಸಿಗ್ತಿಲ್ಲ.

ಸೆರ್ವಾ ಬುಟ್ಟಿಯಿಂದ ಚೆನ್ನಾಗಿ ಆರಿದ ಉಂಡೆಯೊಂದನ್ನು ಆರಿಸಿ ಬಾಳೆಲೆಯಲ್ಲಿ ಸುತ್ತಿದಳು. ಕೊಡುವಾಗ, ಎಲ್ಲ ಗಿರಾಕಿಗಳಿಗೂ ಹೇಳುವ ಪಾಠ ಬಾಯಿಗೆ ಬಂದುಬಿಟ್ಟಿತು.

ಸೆರ್ವಾ: ಕಡ್ಲೆಬೀಜದಷ್ಟು ತಗೊಳ್ಳಿ ನಾನಾ. ಅಂಗೈಲಿ ನೊರೆ ಮಾಡಿ, ಬೆರಳಲ್ಲಿ ಮೆತ್ತಗೆ, ಕಣ್ಣಿಗೆ ತಾಗದ ಹಾಗೆ...

ಬಿರಾಗೊ: ಸರಿಯಾಗಿ ತೊಳೆಯೋದು ಯಾರಿಗೆ ಬೇಕಮ್ಮ? ಅವನು ತೊಳೆದ ಕ್ರಮ ಹೇಳು. ಆ ಹಂಡೆ ಈ ಕಡೆ ಎಳಿ.